ಕೇಪು ಬಂದೂಕಿನ ನಿಪ್ಪಲ್: ಯಾವಾಗ ತೊಳೆಯಬೇಕು, ಯಾವಾಗ ಬದಲಿಸಬೇಕು

1824ರ ಕಿತ್ತೂರು ಕದನದ ಹೊತ್ತಿಗೆ ಬ್ರಿಟಿಷ್ ಸಿಪಾಯಿಗಳ ಬಂದೂಕಿಗೆ ಕಿಡಿ ಕೊಡುತ್ತಿದ್ದುದು ಚಕಮಕಿ ಕಲ್ಲು. ಅವರ ಸೈನ್ಯಕ್ಕೆ ಕೇಪು, ಅಂದರೆ ಏಟು ಬಿದ್ದರೆ ಸಿಡಿದು ಬೆಂಕಿ ಕೊಡುವ ಪುಟ್ಟ ಲೋಹದ ಟೊಪ್ಪಿ, ಬಂದದ್ದು 1840ರ ಸುಮಾರಿಗೆ. ಈಗ ಖಾನಾಪುರ ಕಡೆ ಹಂದಿ ಕಾಟಕ್ಕೆಂದು ಲೈಸೆನ್ಸ್ ಮೇಲೆ ಇಟ್ಟುಕೊಂಡ ಮದ್ದು ತುಂಬುವ ಬಂದೂಕೂ ಈ ಕೇಪಿನ ಜಾತಿಯದೇ. ಕೇಪು ಕೂರುವ, ತಿರುಪಿ ಕೂರಿಸಿದ ಪುಟ್ಟ ಕೊಳವೆಯೇ ನಿಪ್ಪಲ್. ಕುದುರೆ, ಅಂದರೆ ಬಂದೂಕಿನ ಸುತ್ತಿಗೆ, ಕೇಪಿಗೆ ಬಡಿಯುತ್ತದೆ, ಬೆಂಕಿ ನಿಪ್ಪಲ್‌ನ ಸಣ್ಣ ತೂತಿನಿಂದ ಮದ್ದಿಗೆ ಇಳಿಯುತ್ತದೆ. ಇಷ್ಟೇ ಯಂತ್ರ.

ಕೈ ಹಾಕುವ ಮೊದಲು ನಳಿಗೆ ಖಾಲಿ ಇದೆಯಾ ನೋಡಿ. ಗಜವನ್ನು (ಮದ್ದು ಜಡಿಯುವ ಉದ್ದ ಕೋಲು) ತಳ ಮುಟ್ಟುವವರೆಗೆ ಬಿಟ್ಟು, ಮೂತಿಯ ಹತ್ತಿರ ಸೀಮೆಸುಣ್ಣದ ಗೆರೆ ಎಳೆಯಿರಿ. ಅದೇ ಗಜವನ್ನು ಗೆರೆ ಮೂತಿಗೆ ಸರಿಯಾಗಿ ಬರುವಂತೆ ನಳಿಗೆಯ ಹೊರಗೆ ಇಟ್ಟು ಅಳೆಯಿರಿ. ತುದಿ ನಿಪ್ಪಲ್ ಹತ್ತಿರ ಬರಬೇಕು. ಎರಡು ಮೂರು ಬೆರಳು ಮೊದಲೇ ನಿಂತರೆ ಒಳಗೆ ಮದ್ದು ಇದೆ ಅಂತಲೇ ತಿಳಿಯಿರಿ. ಅಲ್ಲಿಗೆ ನಿಲ್ಲಿಸಿ, ಬಲ್ಲವರ ಹತ್ತಿರ ಒಯ್ಯಿರಿ.

ಮೊದಲ ಏಟಿಗೆ ಸಿಡಿಯದ ಕೇಪು ಎರಡನೇ ಏಟಿಗೆ ಸಿಡಿದರೆ ಎಲ್ಲರೂ ಸ್ಪ್ರಿಂಗನ್ನೇ ಬೈಯುತ್ತಾರೆ. ನನ್ನ ಪ್ರಕಾರ ಮೊದಲು ನಿಪ್ಪಲ್ ನೋಡಬೇಕು. ಕೇಪು ಇಲ್ಲದೆ ಸುಮ್ನೆ ಕುದುರೆ ಬಡಿದು ಬಡಿದು ಅದರ ತಲೆ ಅಣಬೆಯ ಹಾಗೆ ಅಗಲವಾಗಿರುತ್ತದೆ. ಕೇಪು ಪೂರ್ತಿ ಕೂರುವುದಿಲ್ಲ. ಮೊದಲ ಏಟು ಅದನ್ನು ಕೂರಿಸುವುದಕ್ಕೇ ಖರ್ಚಾಗುತ್ತದೆ. ಕೇಪು ಸಿಡಿದರೂ ಮದ್ದು ಹತ್ತದಿದ್ದರೆ ತೂತು ಕಟ್ಟಿರಬಹುದು. ಆಗ ಮದ್ದು ಒಳಗೇ ಇರುತ್ತದೆ; ಬಲ್ಲವರಿಂದ ತೆಗೆಸಿ, ಬಂದೂಕು ಖಾಲಿ ಅಂತ ಖಾತ್ರಿಯಾದ ಮೇಲೆ ತೆಳು ಹಿತ್ತಾಳೆ ತಂತಿ ಆಡಿಸಿ. ಹೊಡೆದಾಗ ಕುದುರೆ ಹಿಂದಕ್ಕೆ ಎಗರಿ, ಕೇಪಿನ ಚೂರು ಮುಖದ ಕಡೆ ಬಂದರೆ ತೂತು ಸವೆದು ದೊಡ್ಡದಾಗಿದೆ. ಅದಕ್ಕೆ ರಿಪೇರಿ ಇಲ್ಲ, ಹೊಸದೇ ಬೇಕು.

ತೊಳೆಯುವುದು ಬಿಸಿ ಸೋಪಿನ ನೀರಿನಲ್ಲೇ. ಕರಿಮದ್ದು ಸುಟ್ಟಾಗ ಅರ್ಧಕ್ಕಿಂತ ಜಾಸ್ತಿ ಗಟ್ಟಿ ವಸ್ತುವಾಗಿ ಉಳಿಯುತ್ತದೆ, ಅದರಲ್ಲಿ ಬಹುಪಾಲು ಪೊಟ್ಯಾಸಿಯಂ ಲವಣ. ಅದು ಎಣ್ಣೆಗೆ ಕರಗುವುದಿಲ್ಲ, ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ. ಮಳೆಗಾಲದ ಖಾನಾಪುರದಲ್ಲಂತೂ ಕೇಳುವುದೇ ಬೇಡ. ತೊಳೆದು ಪೂರ್ತಿ ಒಣಗಿಸಿದ ಮೇಲೆ ಎಣ್ಣೆ.

ನಿಪ್ಪಲ್ ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಅದಕ್ಕೆ ಸರಿಯಾಗಿ ಕೂರುವ ಕೀಲಿಯೇ ಬೇಕು. ಇಕ್ಕಳ ಹಾಕಿದರೆ ಮೂಲೆಗಳು ಉರುಟಾಗುತ್ತವೆ. ಹೊಸದು ತರುವಾಗ ಮರೆ, ಅಂದರೆ ತಿರುಪಿನ ಸುತ್ತುಗೆರೆಯ ಅಳತೆ, ನೋಡಿ. ಕಾಲಿಂಚಿನದು 6.35 ಮಿ.ಮೀ., ಮೆಟ್ರಿಕ್‌ನದು 6. ಚಿಕ್ಕದು ದೊಡ್ಡ ತೂತಿಗೆ ಒಂದೆರಡು ಸುತ್ತು ಹೋಗಿಬಿಡುತ್ತದೆ, ಕೂತಂತೆಯೇ ಕಾಣುತ್ತದೆ. ಹೊಡೆದಾಗ ಕಿತ್ತು ಕಣ್ಣಿಗೆ ಬರಬಹುದು. ಮರೆ ಹೊಸದಾಗಿ ಕೊರೆಯುವುದು ನಮ್ಮ ಕೆಲಸವಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ರಿಪೇರಿ ಕಸುಬಿಗೆ ಬೇರೆಯೇ ಲೈಸೆನ್ಸ್ ಬೇಕು.

ಕೂರಿಸಿದ ಮೇಲೆ ನಿಪ್ಪಲ್ ತಲೆಗೆ ದೀಪದ ಮಸಿ ಸವರಿ, ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದು ನಿಧಾನ ಇಳಿಸಿ. ಕುದುರೆಯ ಮೇಲೆ ಪೂರ್ತಿ ಉಂಗುರ ಮೂಡಬೇಕು. ಅರ್ಧವೇ ಮೂಡಿದರೆ ಏಟು ಓರೆ ಬೀಳುತ್ತಿದೆ, ಹೊಸ ನಿಪ್ಪಲ್ಲೂ ಬೇಗ ಕೆಡುತ್ತದೆ.