ಮುರಿವು ಮಾಸದ ಸಮೀಕರಣ

ನ್ಯೂಟ್ರಲ್ ಸಮೀಕರಣಗಳ ಬಗ್ಗೆ ಸಂಶೋಧನಾ ವಿದ್ಯಾರ್ಥಿಗಳು ಬರೆದ ಕರಡು ತಿದ್ದುವಾಗ ಒಂದು ಸಾಲು ಮತ್ತೆ ಮತ್ತೆ ಸಿಗುತ್ತದೆ: ‘ಗುಣಕ 1ಕ್ಕಿಂತ ಕಡಿಮೆ, ಆದ್ದರಿಂದ ಪರಿಹಾರ ಇದೆ.’ (ಗುಣಕ ಅಂದರೆ ಸಮೀಕರಣದಲ್ಲಿ ಹಿಂದಿನ ಬೆಲೆಯನ್ನು ಗುಣಿಸುವ ಸಂಖ್ಯೆ.) ಅಲ್ಲೇ ಪೆನ್ನು ನಿಲ್ಲಿಸುತ್ತೇನೆ. ಆ ‘ಆದ್ದರಿಂದ’ ಎಲ್ಲಿಂದ ಬಂತು?

ಮಾಮೂಲಿ ಅವಕಲ ಸಮೀಕರಣಕ್ಕೆ ಶುರುವಿನ ಒಂದು ಬೆಲೆ ಸಾಕು. ತಡ, ಅಂದರೆ ಸ್ವಲ್ಪ ಹೊತ್ತಿನ ಹಿಂದಿನ ಬೆಲೆಯ ಪ್ರಭಾವ, ಸೇರಿಕೊಂಡರೆ ಅಷ್ಟು ಹೊತ್ತಿನ ಹಿಂದಿನ ಕಥೆ ಪೂರ್ತಿ ಬೇಕು. ನ್ಯೂಟ್ರಲ್ ಸಮೀಕರಣದಲ್ಲಿ ಇನ್ನೂ ಒಂದು ತೊಡಕು: ಈಗಿನ ಬದಲಾವಣೆಯ ವೇಗ ಹಿಂದಿನ ವೇಗವನ್ನೂ ನೆಚ್ಚಿಕೊಂಡಿರುತ್ತದೆ. 10 ಮೀಟರ್ ಕೇಬಲ್ ತೆಗೆದುಕೊಳ್ಳಿ. ಸಿಗ್ನಲ್ ಅದರಲ್ಲಿ ನ್ಯಾನೋಸೆಕೆಂಡಿಗೆ ಸುಮಾರು 20 ಸೆಂಟಿಮೀಟರ್ ಓಡುತ್ತದೆ. ತುದಿಗೆ ಬಡಿದು ವಾಪಸ್ ಬರಲು ಸುಮಾರು 100 ನ್ಯಾನೋಸೆಕೆಂಡ್. ಹಾಗೆ ಮರಳಿದ ಅಲೆ ಈಗಿನ ವೋಲ್ಟೇಜಿಗೆ ಸೇರುತ್ತದೆ. 1966ರಲ್ಲಿ ರಾಬರ್ಟ್ ಬ್ರೇಟನ್ ಇಂಥ ಸರ್ಕ್ಯೂಟುಗಳಿಂದಲೇ ನ್ಯೂಟ್ರಲ್ ಸಮೀಕರಣ ಪಡೆದು ಅಭ್ಯಾಸ ಮಾಡಿದರು.

ಈಗ ಒಂದು ಲೆಕ್ಕ, ಪೆನ್ಸಿಲ್ ಹಿಡಿದೇ ಮಾಡಿ. ಈಗಿನ ಬೆಲೆಯಿಂದ 1 ಸೆಕೆಂಡ್ ಹಿಂದಿನ ಬೆಲೆಯ ಅರ್ಧ ಕಳೆಯಿರಿ. ಈ ವ್ಯತ್ಯಾಸ ಬದಲಾಗಬಾರದು, ಅಷ್ಟೇ ನಿಯಮ. ಸೊನ್ನೆಗಿಂತ ಹಿಂದಿನ 1 ಸೆಕೆಂಡಿನಲ್ಲಿ ಬೆಲೆ −1ರಿಂದ 0ಗೆ ನೇರವಾಗಿ ಏರಿದೆ ಅನ್ನಿ. ಆಗ ಬೆಲೆ ಮೊದಲ ಸೆಕೆಂಡಿನ ಕೊನೆಗೆ 1/2, ಎರಡನೆಯದರ ಕೊನೆಗೆ 3/4. ಗೆರೆಯ ಇಳಿಜಾರು 1, 1/2, 1/4 ಅಂತ ಹೋಗುತ್ತದೆ. ಪ್ರತಿ ಸೆಕೆಂಡಿಗೂ ಗೆರೆ ಮುರಿಯುತ್ತದೆ. ಬರೀ ತಡವಿರುವ ಸಮೀಕರಣದಲ್ಲಾದರೆ ಪ್ರತಿ ಹೆಜ್ಜೆಗೂ ಗೆರೆ ಜಾಸ್ತಿ ನಯವಾಗುತ್ತದೆ. ಇಲ್ಲಿ ಮುರಿವು ಚಿಕ್ಕದಾಗುತ್ತದೆ, ಆದರೆ ಮಾಸುವುದಿಲ್ಲ.

ಪರಿಹಾರ ಇದೆ ಅಂತ ತೋರಿಸಲು ಬಳಸುವ ಷೌಡರ್ ಪ್ರಮೇಯ ಒಂದನ್ನೇ ನಂಬಿದರೆ ಸಾಲದು ಅನ್ನುವುದು ಇದಕ್ಕೇ. ಅದಕ್ಕೆ ಕಾಂಪ್ಯಾಕ್ಟ್ ಆದ ಆಪರೇಟರ್ ಬೇಕು. ಆಪರೇಟರ್ ಅಂದರೆ ಒಂದು ಗೆರೆ ತೆಗೆದುಕೊಂಡು ಇನ್ನೊಂದು ಗೆರೆ ಕೊಡುವ ನಿಯಮ. ಮಿತಿಯೊಳಗಿನ ಗೆರೆಗಳ ಯಾವ ಸಾಲು ಕೊಟ್ಟರೂ, ಸಿಕ್ಕ ಗೆರೆಗಳಲ್ಲಿ ಒಂದಕ್ಕೊಂದು ಹತ್ತಿರವಾಗುತ್ತ ಹೋಗುವಂಥವನ್ನು ಆರಿಸಬಹುದಾದರೆ ಅದು ಕಾಂಪ್ಯಾಕ್ಟ್. ಅನುಕಲನದ ಭಾಗ ಗೆರೆಯನ್ನು ನಯ ಮಾಡುತ್ತದೆ, ಕಾಂಪ್ಯಾಕ್ಟ್ ಆಗುತ್ತದೆ. ಹಿಂದಿನ ಬೆಲೆಯನ್ನು ಸುಮ್ನೆ ಎತ್ತಿ ತಂದಿಡುವ ಭಾಗ ಆಗುವುದಿಲ್ಲ. ಗಣಿತಜ್ಞ ಕ್ರಾಸ್ನೊಸೆಲ್ಸ್ಕಿ 1955ರಲ್ಲಿ ತೋರಿಸಿದ ದಾರಿ ನನಗೆ ಈಗಲೂ ಬಹಳ ಚೆಂದ ಅನಿಸುತ್ತದೆ. ಆಪರೇಟರನ್ನು ಎರಡಾಗಿ ಬಿಡಿಸಿ. ಒಂದು ಭಾಗ ದೂರಗಳನ್ನು ಕುಗ್ಗಿಸಲಿ, ಇನ್ನೊಂದು ಕಾಂಪ್ಯಾಕ್ಟ್ ಆಗಿರಲಿ. ಎರಡರ ಮೊತ್ತ ನಾವು ಆರಿಸಿದ ಗಣದಿಂದ ಹೊರಗೆ ಹೋಗದಿದ್ದರೆ ಸ್ಥಿರಬಿಂದು, ಅಂದರೆ ಆಪರೇಟರ್ ಬದಲಿಸದೆ ಹಾಗೇ ಬಿಡುವ ಗೆರೆ, ಸಿಗುತ್ತದೆ. ಅದೇ ನಮ್ಮ ಪರಿಹಾರ. ಗುಣಕ 1ಕ್ಕಿಂತ ಕಡಿಮೆ ಇರಬೇಕಾದ್ದು ಆ ಕುಗ್ಗಿಸುವ ಭಾಗಕ್ಕೆ.

ಆದರೆ ಮೇಲಿನ ಲೆಕ್ಕದಲ್ಲಿ ಅರ್ಧದ ಬದಲು 2 ಹಾಕಿ ನೋಡಿ. ಇಳಿಜಾರು 1, 2, 4, 8. ಬೆಲೆ ಕೈಮೀರಿ ಬೆಳೆಯುತ್ತದೆ, ಆದರೂ ಪರಿಹಾರ ಇದೆ ಅಲ್ವಾ? ತಡ 1 ಸೆಕೆಂಡ್ ಅಂತ ಗಟ್ಟಿಯಾಗಿ ಇರುವಾಗ ಹಿಂದಿನದೆಲ್ಲ ಮೊದಲೇ ಗೊತ್ತಿರುತ್ತದೆ, ಒಂದೊಂದೇ ಹೆಜ್ಜೆ ಇಟ್ಟು ಮುಂದೆ ಹೋಗಬಹುದು. ಇಲ್ಲಿ ಗುಣಕ ಹೇಳುವುದು ಸ್ಥಿರತೆಯ ಮಾತು, ಅಸ್ತಿತ್ವದ್ದಲ್ಲ.

ತಡ ಸೊನ್ನೆಗೆ ಇಳಿಯಬಹುದಾದಾಗ ಮಾತ್ರ ಚಿತ್ರ ಬದಲಾಗುತ್ತದೆ. ಗುಣಕ 1, ತಡ 0 ಆದರೆ ಈಗಿನ ಬೆಲೆಯಿಂದ ಈಗಿನ ಬೆಲೆಯನ್ನೇ ಕಳೆದಂತೆ. ಸಮೀಕರಣದ ಎಡಗಡೆ, ಅಂದರೆ ಆ ವ್ಯತ್ಯಾಸದ ಜಾಗದಲ್ಲಿ, ಏನೂ ಉಳಿಯುವುದಿಲ್ಲ. ಎಡಗಡೆಯಲ್ಲಿ ‘ಈಗ’ ಅನ್ನುವುದಕ್ಕೆ ತನ್ನದೇ ತೂಕ ಇರಲೇಬೇಕು ಅಂತ ಗಣಿತಜ್ಞ ಜಾಕ್ ಹೇಲ್ ಷರತ್ತು ಹಾಕಿದ್ದು ಇದಕ್ಕಾಗಿಯೇ.