ಗಾಜಿನ ಮನೆಯಲ್ಲಿ ಪಿಯಾನೊ ಕಲಿತವಳು

ಅನುವಾದ ತಿದ್ದುವುದು ನನ್ನ ಕೆಲಸ. ಒಮ್ಮೆ ಒಂದು ಕರಡಿನಲ್ಲಿ ‘ಆಕೆ ಗಾಜಿನ ಮನೆಯಲ್ಲಿ ಆರು ವರ್ಷ ಪಿಯಾನೊ ಕಲಿತಳು’ ಎಂಬ ಸಾಲು ಸಿಕ್ಕಿತು. ಗಿಡ ಬೆಳೆಸುವ ಕಡೆ ಪಿಯಾನೊ ಯಾಕೆ? ಮೂಲ ತೆಗೆದು ನೋಡಿದರೆ ಕನ್ಸರ್ವೇಟರಿ ಅಂತಿತ್ತು. ಅನುವಾದಕರನ್ನು ಸುಮ್ನೆ ಬೈಯುವ ಹಾಗೂ ಇಲ್ಲ. ಬ್ರಿಟನ್ನಿನಲ್ಲಿ ಆ ಪದ ಕೇಳಿದರೆ ಗಾಜಿನ ಕೋಣೆಯೇ ನೆನಪಾಗುತ್ತದೆ. ಅಲ್ಲಿ ಸಂಗೀತದ ಶಾಲೆಗೆ ಫ್ರೆಂಚಿನಿಂದ ಬಂದ ಕನ್ಸರ್ವೇಟ್ವಾರ್ ಎಂಬ ರೂಪವಿದೆ. ಅಮೆರಿಕದವರು ಶಾಲೆಗೂ ಕನ್ಸರ್ವೇಟರಿ ಅಂತಲೇ ಹೇಳುತ್ತಾರೆ.

ಎರಡಕ್ಕೂ ಬೇರು ಒಂದೇ. ಲ್ಯಾಟಿನ್ನಿನ ಕನ್ಸರ್ವಾರೆ, ಅಂದರೆ ಕಾಪಾಡು. ಗಾಜಿನ ಮನೆ ಗಿಡಗಳನ್ನು ಚಳಿಯಿಂದ ಕಾಪಾಡುತ್ತದೆ, ಸರಿ. ಸಂಗೀತ ಶಾಲೆ ಏನನ್ನು ಕಾಪಾಡುತ್ತದೆ? ‘ಸಂಗೀತ ಪರಂಪರೆಯನ್ನು’ ಅಂತ ಥಟ್ಟನೆ ಹೇಳಿಬಿಡಬಹುದು. ನಾನೂ ಬಹಳ ದಿನ ಹಾಗೇ ಅಂದುಕೊಂಡಿದ್ದೆ. ನಿಜವಾಗಿ ಕಾಪಾಡಿದ್ದು ಮಕ್ಕಳನ್ನು.

ಹಿಂದೆ ಇಟಲಿಯ ನೇಪಲ್ಸ್‌ನಲ್ಲಿ ಕನ್ಸರ್ವೇಟೋರಿಯೊ ಎಂದರೆ ಅನಾಥಾಲಯ. 1537ರಲ್ಲಿ ಶುರುವಾದ ಸಾಂತಾ ಮರಿಯಾ ದಿ ಲೊರೆಟೊ ಇವುಗಳಲ್ಲಿ ಹಳೆಯದು. ಅದೂ ಸೇರಿ ಹೆಸರುವಾಸಿಯಾದವು ನಾಲ್ಕು. ತಬ್ಬಲಿ ಹುಡುಗರಿಗೆ ಊಟ, ಬಟ್ಟೆ ಕೊಟ್ಟು ಒಂದು ಕಸುಬು ಕಲಿಸುತ್ತಿದ್ದರು. ಚರ್ಚಿನಲ್ಲಿ, ಮೆರವಣಿಗೆಯಲ್ಲಿ, ಶವಯಾತ್ರೆಯಲ್ಲಿ ಹಾಡಿದರೆ ಸಂಸ್ಥೆಗೆ ನಾಲ್ಕು ಕಾಸು ಬರುತ್ತಿತ್ತು. ಬರಬರುತ್ತಾ ಸಂಗೀತವೇ ಮುಖ್ಯವಾಯಿತು. ಅಪ್ಪ ಅಮ್ಮ ಇದ್ದವರೂ ದುಡ್ಡು ಕೊಟ್ಟು ಮಕ್ಕಳನ್ನು ಸೇರಿಸತೊಡಗಿದರು. ಸಂಗೀತ ಕಲಿಸುವ ಜಾಗಕ್ಕೆ ಅನಾಥಾಲಯದ ಹೆಸರೇ ಅಂಟಿಕೊಂಡಿತು.

ಓದು ಹೇಗಿತ್ತು ಅಂತೀರಾ? 1770ರಲ್ಲಿ ಇಂಗ್ಲೆಂಡಿನ ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ ಸಾಂತ್ ಒನೋಫ್ರಿಯೊ ಎಂಬ ಕನ್ಸರ್ವೇಟೋರಿಯೊಗೆ ಹೋಗಿ ಬಂದು ಬರೆದಿಟ್ಟಿದ್ದಾರೆ. ಮೆಟ್ಟಿಲ ಮೇಲೆ ಒಬ್ಬ ತುತ್ತೂರಿ ಊದುತ್ತಿದ್ದ. ಒಳಗೆ ಒಂದೇ ಕೋಣೆಯಲ್ಲಿ ಏಳೆಂಟು ಹಾರ್ಪ್ಸಿಕಾರ್ಡ್ (ಪಿಯಾನೊಗಿಂತ ಹಳೆಯ, ಅದರಂಥದೇ ವಾದ್ಯ), ಅದಕ್ಕಿಂತ ಜಾಸ್ತಿ ಪಿಟೀಲು, ಜೊತೆಗೆ ಹಾಡುಗಾರರು. ಒಬ್ಬೊಬ್ಬರದು ಒಂದೊಂದು ಶ್ರುತಿ, ಒಂದೊಂದು ಪಾಠ. ಆ ಗದ್ದಲದಲ್ಲೂ ಒಳ್ಳೊಳ್ಳೆ ಸಂಗೀತಗಾರರು ತಯಾರಾದರಲ್ಲ, ಅದೇ ಸೋಜಿಗ.

ವೆನಿಸ್‌ನ ಕಥೆಯೂ ಇಂಥದೇ. ಅಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಕಲಿಸುತ್ತಿದ್ದ ಆಶ್ರಯಧಾಮಗಳನ್ನು ಓಸ್ಪೆದಾಲೆ ಎಂದರು. ನಮಗೆ ಗೊತ್ತಿರುವ ಆಸ್ಪತ್ರೆ ಪದದ ನಂಟೇ ಅದು. ಹೆಸರಾಂತ ಸಂಗೀತ ರಚನಕಾರ ವಿವಾಲ್ಡಿ 1703ರಿಂದ ಪಾಠ ಹೇಳಿದ್ದು ಅಂಥ ಒಂದರಲ್ಲಿ. ಆ ಹೆಸರೇ ಗೆದ್ದಿದ್ದರೆ ಇವತ್ತು ಜನ ಆಸ್ಪತ್ರೆಗೆ ಸೇರಿ ಪಿಟೀಲು ಕಲಿಯುತ್ತಿದ್ದರೋ ಏನೋ!

1795ರಲ್ಲಿ ಪ್ಯಾರಿಸ್‌ನಲ್ಲಿ ಸರ್ಕಾರವೇ ಸಂಗೀತದ ಶಾಲೆ ತೆರೆದು ಕನ್ಸರ್ವೇಟ್ವಾರ್ ಎಂದು ಹೆಸರಿಟ್ಟಿತು. ಅಲ್ಲಿ ಅನಾಥರ ಮಾತಿರಲಿಲ್ಲ. ಬೇರೆ ದೇಶಗಳೂ ಆ ಮಾದರಿ ಹಿಡಿದವು.

ಅನುವಾದದಲ್ಲಿ ನಾನು ‘ಸಂಗೀತ ವಿದ್ಯಾಲಯ’ ಎಂದು ಬರೆಯುತ್ತೇನೆ. ‘ಸಂರಕ್ಷಣಾಲಯ’ ಅಂದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಕಥೆ ಹಳೆಯ ನೇಪಲ್ಸಿನದಾಗಿದ್ದು, ‘ಹುಡುಗನನ್ನು ಕನ್ಸರ್ವೇಟೋರಿಯೊಗೆ ಸೇರಿಸಿದರು’ ಎಂದಿದ್ದರೆ ಪೆನ್ನು ಅಲ್ಲೇ ನಿಲ್ಲುತ್ತದೆ. ಹಿಂದಿನ ಪುಟಕ್ಕೆ ಹೋಗಿ, ಅವನ ಅಪ್ಪ ಅಮ್ಮ ಬದುಕಿದ್ದಾರಾ ಅಂತ ನೋಡುತ್ತೇನೆ.