ಬೀಗ ಹಾಕಿದ ಕೋಣೆಯಿಂದ ಜೇಬಿನ ಫೋನಿನವರೆಗೆ: ಸರ್ಕಾರಿ ಶಾಲೆಯ ತಂತ್ರಜ್ಞಾನ ಮತ್ತು ಶಿಕ್ಷಕರ ಸಮಯ

ಶಾಲೆಯಲ್ಲಿ ತಂತ್ರಜ್ಞಾನ ಎಂಬ ಒಂದೇ ಮಾತಿನ ಅಡಿಯಲ್ಲಿ ಈಗ ಹತ್ತಾರು ಸಂಗತಿಗಳು ಸೇರಿಕೊಂಡಿವೆ. ಗೋಡೆಗೆ ಹಾಕಿದ ಸ್ಮಾರ್ಟ್ ಬೋರ್ಡು, ಪಠ್ಯಪುಸ್ತಕದ ಕ್ಯೂಆರ್ ಕೋಡು, ದೀಕ್ಷಾ ಎಂಬ ಕಲಿಕಾ ಆ್ಯಪಿನ ತರಬೇತಿ, ರಾಜ್ಯದ ಸ್ಯಾಟ್ಸ್ ಜಾಲತಾಣದಲ್ಲಿ ತುಂಬಬೇಕಾದ ವಿದ್ಯಾರ್ಥಿಗಳ ವಿವರ, ದೇಶದ ಶಾಲೆಗಳ ಅಂಕಿಅಂಶ ಕಲೆಹಾಕುವ ಯುಡೈಸ್‌ಗೆ ಕೊಡಬೇಕಾದ ಮಾಹಿತಿ, ಪ್ರತಿ ವಿದ್ಯಾರ್ಥಿಯ ಗುರುತಿಗೆ ನೀಡುವ ಅಪಾರ್ ಸಂಖ್ಯೆ, ಬಿಸಿಯೂಟದ ಲೆಕ್ಕ, ಇತ್ತೀಚೆಗೆ ಕೃತಕ ಬುದ್ಧಿಮತ್ತೆ. ಇವುಗಳಲ್ಲಿ ಪಾಠಕ್ಕೆ ಒದಗುವುದು ಯಾವುದು, ಆಡಳಿತಕ್ಕೆ ಬೇಕಾದದ್ದು ಯಾವುದು ಎಂದು ಬಿಡಿಸಿ ನೋಡುವವರು ಕಡಿಮೆ. ಶಿಕ್ಷಕರು ಹೊಸದಕ್ಕೆ ಹೊಂದಿಕೊಳ್ಳುತ್ತಿಲ್ಲ ಎಂಬ ದೂರು ಒಂದು ಕಡೆಯಿಂದ, ನಮ್ಮನ್ನು ಪಾಠ ಮಾಡಲು ಬಿಡಿ ಎಂಬ ಶಿಕ್ಷಕರ ಮೊರೆ ಇನ್ನೊಂದು ಕಡೆಯಿಂದ ಕೇಳಿಬರುತ್ತಲೇ ಇದೆ. ಕರ್ನಾಟಕದ ಸರ್ಕಾರಿ ಶಾಲೆಗಳ ಮಟ್ಟಿಗೆ ಈ ಎರಡೂ ಮಾತುಗಳಿಗೆ ಸುಮಾರು ಐವತ್ತು ವರ್ಷಗಳ ಹಿನ್ನೆಲೆಯಿದೆ.

ಆರಂಭ ಉಪಗ್ರಹದಿಂದ. 1975ರ ಆಗಸ್ಟ್‌ನಿಂದ 1976ರ ಜುಲೈವರೆಗೆ ಇಸ್ರೋ ಸಂಸ್ಥೆಯು ನಾಸಾದಿಂದ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮಗಳನ್ನು ತಲುಪಿಸಿತು. 'ಸೈಟ್' ಎಂದು ಕರೆಯಲಾದ ಈ ಪ್ರಯೋಗದಲ್ಲಿ ನಮ್ಮ ಪಾಲಿಗೆ ಬಂದವು ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ ಕಾರ್ಯಕ್ರಮಗಳು ಬರುತ್ತಿದ್ದವು. ಮಕ್ಕಳನ್ನು ಸಾಲಾಗಿ ಕೂರಿಸಿ, ಸದ್ದು ಮಾಡದಂತೆ ನೋಡಿಕೊಂಡು, ಮುಗಿದ ಮೇಲೆ ನೋಡಿದ್ದನ್ನು ಕುರಿತು ಮಾತನಾಡಿಸುವುದು ಶಿಕ್ಷಕರ ಪಾಲಿನ ಕೆಲಸವಾಗಿತ್ತು. ಒಂದು ವರ್ಷಕ್ಕೆ ಉಪಗ್ರಹ ಬೇರೆ ಕಡೆಗೆ ಸರಿಯಿತು, ಪ್ರಯೋಗವೂ ಮುಗಿಯಿತು. 1984ರಲ್ಲಿ ಕೇಂದ್ರದ 'ಕ್ಲಾಸ್' ಯೋಜನೆ ಆಯ್ದ ಪ್ರೌಢಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರುಗಳನ್ನು ತಂದಿತು. ಆಕಾಶವಾಣಿಯ 'ಕೇಳಿ ಕಲಿ', 'ಚುಕ್ಕಿ ಚಿನ್ನ' ಮುಂತಾದ ಪಾಠಗಳು ರೇಡಿಯೊ ಮೂಲಕ ಬಂದವು. 2004ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳನ್ನು ಮುಟ್ಟಿದವು. ಇವುಗಳಲ್ಲಿ ರೇಡಿಯೊ ಪಾಠಗಳು ಹೆಚ್ಚು ಕಾಲ ಬಾಳಿದವು. ಅದಕ್ಕೆ ಒಂದು ಕಾರಣ, ರೇಡಿಯೊ ಕೆಟ್ಟರೆ ಪೇಟೆಯಲ್ಲಿ ರಿಪೇರಿ ಮಾಡಿಸಬಹುದಿತ್ತು.

ಇಂದಿನ ಕಗ್ಗಂಟಿನ ಬಹುಪಾಲು ಎಳೆಗಳು ಸಿಗುವುದು 2000ದ ನಂತರದ ಕಂಪ್ಯೂಟರ್ ಪ್ರಯೋಗಾಲಯಗಳ ಕಾಲದಲ್ಲಿ. ರಾಜ್ಯದ 'ಮಾಹಿತಿ ಸಿಂಧು' ಯೋಜನೆಯಲ್ಲಿ ನೂರಾರು ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರುಗಳು ಬಂದವು. 2004ರ ಡಿಸೆಂಬರ್‌ನಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನವನ್ನು (ಐಸಿಟಿ) ಶಾಲೆಗೆ ತರುವ ಕೇಂದ್ರದ 'ಐಸಿಟಿ ಅಟ್ ಸ್ಕೂಲ್ಸ್' ಯೋಜನೆ ಶುರುವಾದ ಮೇಲೆ ಈ ಕೆಲಸ ಇನ್ನಷ್ಟು ಶಾಲೆಗಳಿಗೆ ಹರಡಿತು. ಆಗ ಅನುಸರಿಸಿದ ವ್ಯವಸ್ಥೆಗೆ 'ಬೂಟ್' ಮಾದರಿ ಎಂದು ಹೆಸರು. ಗುತ್ತಿಗೆ ಪಡೆದ ಸಂಸ್ಥೆ ಕಂಪ್ಯೂಟರು, ಯುಪಿಎಸ್, ಮೇಜು, ಕುರ್ಚಿಗಳನ್ನು ತಂದು ಪ್ರಯೋಗಾಲಯ ಸಜ್ಜುಗೊಳಿಸಬೇಕು, ಬೋಧಕರೊಬ್ಬರನ್ನು ನೇಮಿಸಿ ಐದು ವರ್ಷ ನಡೆಸಬೇಕು, ಅವಧಿ ಮುಗಿದ ಮೇಲೆ ಎಲ್ಲವನ್ನೂ ಶಾಲೆಗೆ ಒಪ್ಪಿಸಿ ಹೋಗಬೇಕು. ಕಾಗದದ ಮೇಲೆ ಇದು ಒಪ್ಪುವಂಥ ಏರ್ಪಾಡೇ ಆಗಿತ್ತು. ಕಂಪ್ಯೂಟರ್ ಬಲ್ಲ ಶಿಕ್ಷಕರು ವಿರಳವಾಗಿದ್ದ ದಿನಗಳಲ್ಲಿ ಯಂತ್ರದ ಜೊತೆಗೇ ಅದನ್ನು ಬಲ್ಲವರೂ ಬರಲಿ ಎಂಬ ಆಲೋಚನೆಯನ್ನು ತಪ್ಪು ಎನ್ನಲಾಗದು.

ಆದರೆ ಈ ಏರ್ಪಾಡಿನಲ್ಲಿ ಶಾಲೆಯ ಕಾಯಂ ಶಿಕ್ಷಕರಿಗೆ ಜಾಗವಿರಲಿಲ್ಲ. ಕಂಪ್ಯೂಟರ್ ಕೋಣೆಯ ಬೀಗದ ಕೈ ಒಂದೋ ಗುತ್ತಿಗೆ ಬೋಧಕರ ಬಳಿ, ಇಲ್ಲವೇ ಮುಖ್ಯಶಿಕ್ಷಕರ ಬೀರುವಿನಲ್ಲಿ ಇರುತ್ತಿತ್ತು. ಯಂತ್ರಗಳು ದಾಸ್ತಾನು ವಹಿಯಲ್ಲಿ ನಮೂದಾದ ಬೆಲೆಬಾಳುವ ಸ್ವತ್ತು. ಒಂದು ಮೌಸ್ ಕಾಣೆಯಾದರೂ ಉತ್ತರ ಹೇಳಬೇಕಾದವರು ಮುಖ್ಯಶಿಕ್ಷಕರು. ಬೇಸಿಗೆ ರಜೆಯಲ್ಲಿ ಕಳ್ಳತನವಾದರೆ ಪೊಲೀಸ್ ಠಾಣೆಗೆ ಅಲೆಯಬೇಕಾದವರೂ ಅವರೇ. ಹಾಗಾಗಿ ಕೋಣೆಯನ್ನು ಭದ್ರವಾಗಿ ಮುಚ್ಚಿಡುವುದೇ ಅನೇಕ ಕಡೆ ಜಾಣತನವಾಯಿತು, ಮತ್ತು ಅದಕ್ಕಾಗಿ ಅವರನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಗಣಿತದವರು, ವಿಜ್ಞಾನದವರು, ಸಮಾಜ ವಿಜ್ಞಾನದವರು ಆ ಕೋಣೆಯನ್ನು ಕಂಪ್ಯೂಟರ್ ಮೇಷ್ಟರದ್ದು ಎಂದು ಭಾವಿಸಿದರು. ಅಲ್ಲಿ ಕಲಿಸುತ್ತಿದ್ದದ್ದು ಕಡತ ತೆರೆಯುವುದು, ಟೈಪ್ ಮಾಡುವುದು, ಚಿತ್ರ ಬಿಡಿಸುವುದು. ಪಕ್ಕದ ತರಗತಿಯ ತ್ರಿಕೋನಕ್ಕೂ ಪತ್ರಹರಿತ್ತಿಗೂ ಅದಕ್ಕೂ ಸಂಬಂಧವಿರಲಿಲ್ಲ.

ಲೆಕ್ಕವನ್ನೂ ಒಮ್ಮೆ ನೋಡಬೇಕು. ಯೋಜನೆಯ ಪ್ರಕಾರ ಒಂದು ಶಾಲೆಗೆ ಸಾಮಾನ್ಯವಾಗಿ ಹತ್ತು ಕಂಪ್ಯೂಟರು. ತರಗತಿಯಲ್ಲಿ ಅರವತ್ತು ಮಕ್ಕಳಿದ್ದರೆ ಒಂದೊಂದು ಪರದೆಯ ಮುಂದೆ ಆರು ಮಂದಿ. ನಲವತ್ತು ನಿಮಿಷದ ಅವಧಿಯಲ್ಲಿ ಮಕ್ಕಳು ಚಪ್ಪಲಿ ಬಿಟ್ಟು ಒಳಗೆ ಬಂದು ಯಂತ್ರಗಳು ಚಾಲೂ ಆಗುವಷ್ಟರಲ್ಲಿ ಹತ್ತು ನಿಮಿಷ ಕಳೆದರೆ ಉಳಿಯುವುದು ಮೂವತ್ತು. ತಲೆಗೆ ಐದು ನಿಮಿಷ. ಅಷ್ಟರಲ್ಲಿ ಕರೆಂಟು ಹೋದರೆ, ಗ್ರಾಮೀಣ ಭಾಗದಲ್ಲಿ ಹಗಲು ಹೊತ್ತು ಕರೆಂಟು ಹೋಗುವುದು ಆಗ ದಿನನಿತ್ಯದ ಸಂಗತಿಯಾಗಿತ್ತು, ಆ ಐದು ನಿಮಿಷವೂ ಇಲ್ಲ. ಎರಡು ಮೂರು ವರ್ಷಕ್ಕೆ ಯುಪಿಎಸ್ ಬ್ಯಾಟರಿಗಳು ಸೋತವು. ಹೊಸ ಬ್ಯಾಟರಿ ಯಾವ ಲೆಕ್ಕಶೀರ್ಷಿಕೆಯಲ್ಲಿ ಕೊಳ್ಳಬೇಕೆಂಬುದಕ್ಕೆ ಬಹಳ ಕಡೆ ಉತ್ತರ ಸಿಗಲಿಲ್ಲ. ಐದು ವರ್ಷ ತುಂಬಿದಾಗ ಬೋಧಕರು ಹೋದರು, ಕಂಪ್ಯೂಟರುಗಳು ಶಾಲೆಗೆ ಸೇರಿದವು. ಆ ವೇಳೆಗೆ ಅವು ಐದು ವರ್ಷ ಹಳೆಯವು, ರಿಪೇರಿಗೆ ಹಣವಿಲ್ಲ, ಬಳಸಲು ಬಲ್ಲವರಿಲ್ಲ. ಅತಿ ಕಡಿಮೆ ಸಂಬಳಕ್ಕೆ ದುಡಿದ ಆ ಗುತ್ತಿಗೆ ಬೋಧಕರಲ್ಲಿ ಅನೇಕರು ಉತ್ಸಾಹಿ ತರುಣ ತರುಣಿಯರಾಗಿದ್ದರು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಅವರು ಗಳಿಸಿದ ಅನುಭವ ಶಾಲೆಯಲ್ಲಿ ಉಳಿಯುವ ದಾರಿಯೇ ಆ ಒಪ್ಪಂದದಲ್ಲಿ ಇರಲಿಲ್ಲ.

ಇದೇ ಹೊತ್ತಿನಲ್ಲಿ ನೆರೆಯ ಕೇರಳ ಬೇರೆ ದಾರಿ ಹಿಡಿದಿತ್ತು. ಅಲ್ಲಿನ 'ಐಟಿ ಅಟ್ ಸ್ಕೂಲ್' ಯೋಜನೆಯು ಹೊರಗಿನ ಬೋಧಕರ ಬದಲು ಶಾಲೆಯ ಶಿಕ್ಷಕರನ್ನೇ ತರಬೇತುದಾರರನ್ನಾಗಿ ಬೆಳೆಸಿತು ಮತ್ತು ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶಕ್ಕೆ ಹೊರಳಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಅಲ್ಲಿ ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲಿ ಸಿಗುತ್ತದೆ. ನಮ್ಮಲ್ಲಿಯೂ ಶಿಕ್ಷಕರನ್ನು ನಂಬಿ ನಡೆದ ಕೆಲಸಗಳ ಪರಂಪರೆ ಇಲ್ಲದಿರಲಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ, ಚಟುವಟಿಕೆಗಳ ಮೂಲಕ ಕಲಿಸುವ 'ನಲಿ-ಕಲಿ' ಪದ್ಧತಿಯ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ರೂಪಿಸುವುದರಲ್ಲಿ ಅಲ್ಲಿನ ಶಿಕ್ಷಕರೇ ಮುಂದಿದ್ದರು. ಕಂಪ್ಯೂಟರು ಬರುವಾಗ ಆ ಅನುಭವ ನೆನಪಾಗಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ಇನ್ನೊಂದು ತೊಡಕನ್ನು ಕನ್ನಡ ಮಾಧ್ಯಮದ ಶಿಕ್ಷಕರಷ್ಟೇ ಬಲ್ಲರು. ನುಡಿ, ಬರಹ ತಂತ್ರಾಂಶಗಳು ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರವನ್ನು ಮರೆಯಲಾಗದು. ಆದರೆ ಹಳೆಯ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿ ಕುಳಿತಿದ್ದವು. ರಾತ್ರಿಯೆಲ್ಲ ಕೂತು ನುಡಿಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಮರುದಿನ ಆ ಫಾಂಟಿಲ್ಲದ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತಿತ್ತು. ಹುಡುಕಿದರೆ ಸಿಗುತ್ತಿರಲಿಲ್ಲ, ಇಮೇಲಿನಲ್ಲಿ ಕಳಿಸಿದರೆ ಓದಲಾಗುತ್ತಿರಲಿಲ್ಲ. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಈ ಸಮಸ್ಯೆಯನ್ನು ಬಗೆಹರಿಸಿತು. ಸರ್ಕಾರವೂ 2012ರಲ್ಲಿ ಯೂನಿಕೋಡನ್ನು ಒಪ್ಪಿಕೊಂಡಿತು. ಆದರೂ ಹಳೆಯ ಕಡತಗಳು ಹಾಗೇ ಉಳಿದವು, ಆರಂಭದ ಸ್ಮಾರ್ಟ್‌ಫೋನುಗಳಲ್ಲಿ ಕನ್ನಡ ಖಾಲಿ ಚೌಕಗಳಾಗಿ ಕಾಣಿಸಿತು. ತಾನು ಕಲಿಸುವ ಭಾಷೆಯೇ ಯಂತ್ರದಲ್ಲಿ ಒಡೆದು ಕಾಣುವಾಗ, ಈ ಯಂತ್ರ ನನಗಾಗಿ ಬಂದದ್ದಲ್ಲ ಎಂದು ಶಿಕ್ಷಕರಿಗೆ ತೋರಿದ್ದರೆ ಅದು ಹಟಮಾರಿತನವಲ್ಲ.

ಈ ಹಿನ್ನೆಲೆಯಲ್ಲಿ 2011ರಲ್ಲಿ ಆರಂಭವಾದ 'ವಿಷಯ ಶಿಕ್ಷಕರ ವೇದಿಕೆ' ಗಮನಾರ್ಹ. ರಾಜ್ಯದ ಶಿಕ್ಷಣ ಇಲಾಖೆಯು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ ಪ್ರೌಢಶಾಲೆಯ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗೆ ತರಬೇತಿ ನೀಡಿತು. ಮೊದಲ ಬಾರಿಗೆ ಕಂಪ್ಯೂಟರ್ ಒಂದು ಪ್ರತ್ಯೇಕ ವಿಷಯವಾಗದೆ ಅವರವರ ವಿಷಯದೊಳಗೆ ಬಂದಿತು. ಉಬುಂಟು ಎಂಬ ಸ್ವತಂತ್ರ ಕಾರ್ಯಾಚರಣ ವ್ಯವಸ್ಥೆ ಅಳವಡಿಸಿದ ಕಂಪ್ಯೂಟರಿನಲ್ಲಿ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶ ತೆರೆದು, ತ್ರಿಕೋನದ ಒಂದು ಶೃಂಗವನ್ನು ಮೌಸಿನಿಂದ ಎಳೆದಂತೆಲ್ಲ ಮೂರು ಕೋನಗಳು ಬದಲಾದರೂ ಮೊತ್ತ 180 ಡಿಗ್ರಿಯಲ್ಲೇ ನಿಲ್ಲುವುದನ್ನು ಕಂಡ ಗಣಿತ ಶಿಕ್ಷಕರಿಗೆ, ಇದನ್ನು ನಾಳೆ ಮಕ್ಕಳಿಗೆ ತೋರಿಸಬೇಕು ಎಂದು ತಾನಾಗಿಯೇ ಅನ್ನಿಸಿತು. ಕಪ್ಪು ಹಲಗೆಯ ಮೇಲೆ ಒಂದು ತ್ರಿಕೋನ ಬಿಡಿಸಬಹುದು, ನೂರು ಬಿಡಿಸಲಾಗದು. ಇಮೇಲ್ ಗುಂಪುಗಳಲ್ಲಿ ಬೀದರಿನ ಶಿಕ್ಷಕರ ಸಂದೇಹಕ್ಕೆ ಉಡುಪಿಯವರು ಉತ್ತರಿಸುವುದು ಸಾಧ್ಯವಾಯಿತು. ತಾವು ಸಿದ್ಧಪಡಿಸಿದ ಪಾಠಗಳನ್ನು ಶಿಕ್ಷಕರು 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ತಾಣಕ್ಕೆ ಸೇರಿಸತೊಡಗಿದರು. ಆದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ನಿಂದ ಶಾಲೆಗೆ ಮರಳಿದಾಗ ಎದುರಾದದ್ದು ಅದೇ ಹಳೆಯ ಕೋಣೆ, ಅದೇ ಸೋತ ಬ್ಯಾಟರಿ. 2016-17ರ ಹೊತ್ತಿಗೆ 'ಟಾಲ್ಪ್' ಎಂಬ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ ಈ ಅನುಭವವನ್ನು ದೊಡ್ಡ ಪ್ರಮಾಣದಲ್ಲಿ ಮುಂದುವರಿಸಲು ಹೊರಟಿತು. ಲ್ಯಾಪ್‌ಟಾಪು, ಪ್ರೊಜೆಕ್ಟರುಗಳೂ ಶಿಕ್ಷಕರಿಗೆ ತರಬೇತಿಯೂ ದೊರೆತವು. ಒಂದು ಪಾಠವನ್ನು ಈ ರೀತಿ ಸಿದ್ಧಪಡಿಸಲು ಬೇಕಾದ ಎರಡು ಮೂರು ಗಂಟೆ ಮಾತ್ರ ವೇಳಾಪಟ್ಟಿಯಲ್ಲಿ ಎಲ್ಲೂ ದೊರೆಯಲಿಲ್ಲ.

ಕೋವಿಡ್ ಕಾಲದ ಕಥೆ ಎಲ್ಲರಿಗೂ ನೆನಪಿದೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಜೂನ್‌ನಲ್ಲಿ ಚಿಕ್ಕ ಮಕ್ಕಳ ಆನ್‌ಲೈನ್ ತರಗತಿಗಳನ್ನು ಸರ್ಕಾರ ನಿಷೇಧಿಸಿತು, ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು. ಪ್ರೌಢಶಾಲೆಯ ಮಕ್ಕಳಿಗೆ ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠಗಳು ಬಂದವು. ಆಗಸ್ಟ್‌ನಲ್ಲಿ ಶುರುವಾದ 'ವಿದ್ಯಾಗಮ'ದಲ್ಲಿ ಸ್ಮಾರ್ಟ್‌ಫೋನ್ ಇರುವವರು, ಸಾದಾ ಫೋನ್ ಇರುವವರು, ಯಾವ ಫೋನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ, ಶಿಕ್ಷಕರೇ ಊರೂರಿಗೆ ಹೋಗಿ ದೇವಸ್ಥಾನದ ಜಗಲಿಯಲ್ಲಿ, ಮರದ ನೆರಳಿನಲ್ಲಿ ಪಾಠ ಮಾಡಿದರು. ಜನ ಅದನ್ನು ವಠಾರ ಶಾಲೆ ಎಂದು ಕರೆದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತು, 2021ರ ಜನವರಿ 1ರಿಂದ ಶಾಲೆಯ ಆವರಣದಲ್ಲಿ ಮತ್ತೆ ಆರಂಭವಾಯಿತು. ಮಲೆನಾಡಿನಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಅದೇ ಗುಡ್ಡದ ಇನ್ನೊಂದು ಬದಿಯಲ್ಲಿ ಪಾಠ ಕಳಿಸಲು ಶಿಕ್ಷಕರೂ ನಿಂತಿದ್ದರು. ವಾಟ್ಸಾಪ್ ಗುಂಪು ಶಾಲೆಯ ಭಾಗವಾದದ್ದು ಆಗಲೇ.

ಶಾಲೆಗಳು ಮತ್ತೆ ತೆರೆದ ಮೇಲೆ ಆ ಗುಂಪುಗಳು ಮುಚ್ಚಲಿಲ್ಲ. ಪಾಠಕ್ಕೆಂದು ಹುಟ್ಟಿದ ದಾರಿಯಲ್ಲಿ ಮಾಹಿತಿ ಕೇಳುವ ಸಂದೇಶಗಳು ಹರಿದುಬರಲಾರಂಭಿಸಿದವು. ಎಷ್ಟು ಮಕ್ಕಳು ಮೊಟ್ಟೆ ತಿಂದರು, ಎಷ್ಟು ಮಕ್ಕಳು ಬಾಳೆಹಣ್ಣು, ಎಷ್ಟು ಮಂದಿಯ ಆಧಾರ್ ಜೋಡಣೆಯಾಯಿತು, ಕಾರ್ಯಕ್ರಮದ ಫೋಟೊ ಎಲ್ಲಿ, ಇಂದು ಸಂಜೆಯೊಳಗೆ ಕಳಿಸಿ. ಮಗುವಿನ ಹೆಸರು ಶಾಲಾ ದಾಖಲೆಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದರೆ ಅಪಾರ್ ಸಂಖ್ಯೆ ಸೃಷ್ಟಿಯಾಗುವುದಿಲ್ಲ. ಅದನ್ನು ಸರಿಪಡಿಸಲು ಪೋಷಕರನ್ನು ಹುಡುಕಿಕೊಂಡು ಹೋಗಬೇಕಾದವರು ತರಗತಿ ಶಿಕ್ಷಕರು. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಫೋನು ಹಿಡಿದು ಕೂತರೆ ಐದೂ ತರಗತಿಗಳು ಇನ್ನೊಬ್ಬರ ಪಾಲು. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿಯೂ ಗಣತಿದಾರರಲ್ಲಿ ಬಹುಪಾಲು ಶಿಕ್ಷಕರೇ ಇದ್ದರು. ಆ್ಯಪ್ ಮತ್ತು ನೆಟ್‌ವರ್ಕಿನ ತೊಂದರೆಗಳ ನಡುವೆ ಕೆಲಸ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಪ್ರತಿಯೊಂದು ಮಾಹಿತಿಗೂ ತನ್ನದೇ ಆದ ಸಕಾರಣವಿದೆ, ಮೊಟ್ಟೆಯ ಲೆಕ್ಕವಿಲ್ಲದೆ ಮೊಟ್ಟೆಯ ಹಣ ಬರುವುದಿಲ್ಲ. ಆದರೆ ಅವೆಲ್ಲವೂ ಒಬ್ಬರ ಕೈಯ ಒಂದೇ ಫೋನಿನಲ್ಲಿ, ಪಾಠದ ಅವಧಿಯಲ್ಲೇ ಬಂದು ಸೇರುತ್ತವೆ. ಇದನ್ನೆಲ್ಲ ಮಾಡುತ್ತಿರುವವರನ್ನೇ ತಂತ್ರಜ್ಞಾನಕ್ಕೆ ಒಗ್ಗದವರು ಎಂದು ಕರೆಯುವುದು ನನಗೆ ಸರಿ ಎನಿಸುವುದಿಲ್ಲ.

ಈ ನಡುವೆ ಸರಳ ಸಾಧನವನ್ನು ನೆಚ್ಚಿದ ಪ್ರಯತ್ನಗಳೂ ನಡೆದಿವೆ. 'ಗಣಿತ ಗಣಕ' ಎಂಬ ಕಾರ್ಯಕ್ರಮದಲ್ಲಿ ಶಿಕ್ಷಕರು ಮಗುವಿನ ಮನೆಗೆ ಫೋನ್ ಮಾಡಿ ಕೂಡುವ, ಕಳೆಯುವ, ಗುಣಿಸುವ ಲೆಕ್ಕಗಳನ್ನು ಒಬ್ಬೊಬ್ಬರಿಗೇ ಹೇಳಿಕೊಡುತ್ತಾರೆ. ಸಾದಾ ಫೋನ್ ಇದ್ದರೂ ಸಾಕು. ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಬಾಯಿ ಬಿಡದ ಮಗು ಫೋನಿನಲ್ಲಿ ತನ್ನ ಮೇಷ್ಟರೊಂದಿಗೆ ಮಾತನಾಡುವುದು ಸಣ್ಣ ಸಂಗತಿಯಲ್ಲ. ಆ ಕರೆಗಳಿಗೂ ಹೊತ್ತು ಬೇಕು, ಮತ್ತು ಅದು ಸಿಗುವುದು ಶಾಲೆ ಬಿಟ್ಟ ಮೇಲೆ.

ಮೂಲಸೌಕರ್ಯದ ಕಡೆಯೂ ಕೆಲವು ಗಂಟುಗಳು ಬಿಚ್ಚಿಕೊಂಡಿವೆ. ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ನೀಡುವ ನಿರ್ಧಾರ 2023ರ ರಾಜ್ಯೋತ್ಸವದಂದು ಪ್ರಕಟವಾಯಿತು. ಬಾಕಿ ಬಿಲ್ಲಿಗೆ ಹೆದರಿ ಕಂಪ್ಯೂಟರ್ ಕೋಣೆಯ ಮೇನ್ ಸ್ವಿಚ್ಚನ್ನೇ ಆರಿಸಿಡುತ್ತಿದ್ದ ಮುಖ್ಯಶಿಕ್ಷಕರಿಗೆ ಅದರಿಂದ ನಿಜವಾಗಿಯೂ ನಿರಾಳವಾಗಿದೆ. ಇಂಟರ್ನೆಟ್ಟಿನದು ಬೇರೆಯೇ ಮಾತು. 2023-24ರ ಯುಡೈಸ್ ವರದಿಯ ಪ್ರಕಾರ ದೇಶದ ಶಾಲೆಗಳಲ್ಲಿ ಇಂಟರ್ನೆಟ್ ಇದ್ದದ್ದು ಶೇ 53.9ರಷ್ಟರಲ್ಲಿ. ಉಳಿದ ಕಡೆ ದೀಕ್ಷಾದ ವಿಡಿಯೊ ತೆರೆಯುವುದೂ, ಸ್ಯಾಟ್ಸ್‌ಗೆ ಲಾಗಿನ್ ಆಗುವುದೂ, ಸಂಜೆಯೊಳಗೆ ಕೇಳಿದ ಫೋಟೊ ಕಳಿಸುವುದೂ ಶಿಕ್ಷಕರು ತಮ್ಮ ಕೈಯಿಂದ ರೀಚಾರ್ಜ್ ಮಾಡಿಸಿದ ಮೊಬೈಲಿನ ಹಾಟ್‌ಸ್ಪಾಟ್‌ನಿಂದಲೇ ನಡೆಯುತ್ತಿದೆ.